ಪದ ಬದಲಾಯಿಸಿದ್ರೆ ನಮ್ಮದಾಗಲ್ಲ: ಬೇರೆಯವರ ಬರಹವನ್ನ ಬಳಸ್ಕೊಳ್ಳೋದು ಹೇಗೆ

ಹೋದ ವರ್ಷ ಎಂಎ ಕೊನೇ ಸೆಮಿಸ್ಟರಿನ ಹುಡುಗಿ ಒಬ್ಬಳು ತನ್ನ ಡಿಸರ್ಟೇಶನ್ನಿನ ಎರಡನೇ ಅಧ್ಯಾಯ ಪ್ರಿಂಟ್ ಹಾಕಿಸ್ಕೊಂಡು ಬಂದಿದ್ಲು, ವಿಷಯ ಕೆರೆಗಳು. ಎರಡು ಪುಟ ಓದೋಷ್ಟರಲ್ಲಿ ಇದನ್ನ ಎಲ್ಲೋ ಓದಿದೀನಲ್ಲ ಅನ್ಸಿ ಕಪಾಟಿಂದ ಒಂದು ಪುಸ್ತಕ ತೆಗೆದು ಪಕ್ಕದಲ್ಲಿಟ್ಟು ನೋಡಿದ್ರೆ ಸಾಲಿಗೆ ಸಾಲು ಅದೇ, ಪದಗಳು ಮಾತ್ರ ಬೇರೆ. ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಮೇಡಂ, ಒಂದು ಪದಾನೂ ಹಾಗೇ ಬಿಟ್ಟಿಲ್ಲ, ನಿಘಂಟು ಇಟ್ಕೊಂಡು ಮೂರು ದಿನ ಕೂತು ಎಲ್ಲಾ ಚೇಂಜ್ ಮಾಡಿದೀನಿ." ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳ್ತಿರಲಿಲ್ಲ, ಮೂರು ದಿನ ಕಷ್ಟಪಟ್ಟಿದ್ದೂ ನಿಜ, ಕೃತಿಚೌರ್ಯ ಮಾಡಬಾರದು ಅಂತಾನೇ ಅಷ್ಟೆಲ್ಲ ಮಾಡಿದ್ದು. ಆದ್ರೂ ಆಗಿದ್ದು ಕೃತಿಚೌರ್ಯಾನೇ.

ಇದರಲ್ಲಿ ಅವಳದ್ದೇ ತಪ್ಪು ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ. ಹತ್ತನೇ ಕ್ಲಾಸಿನವರೆಗೆ ನಾವು ಮಕ್ಕಳಿಗೆ ಕಲಿಸೋದೇನು? ಪುಸ್ತಕದಲ್ಲಿ ಇದ್ದ ಹಾಗೇ ಬರೆದ್ರೆ ಫುಲ್ ಮಾರ್ಕ್ಸು. ನೋಟ್ಸ್ ಉರು ಹೊಡಿ, ಗೈಡ್ ಉರು ಹೊಡಿ, ಒಂದಕ್ಷರ ಆಚೀಚೆ ಆಗದ ಹಾಗೆ ಬರಿ. ಡಿಗ್ರಿ ಮುಗಿಸಿ ಪಿಜಿಗೆ ಬಂದ ತಕ್ಷಣ ಅದೇ ಕೆಲಸ ಅಪರಾಧ ಆಗ್ಬಿಡುತ್ತೆ, ನಡುವೆ ಯಾರೂ ಕೂರಿಸ್ಕೊಂಡು ಹೀಗೆ ಮಾಡಬೇಕು ಕಣಮ್ಮ ಅಂತ ತೋರಿಸ್ಕೊಟ್ಟಿರಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಒಂದು ಮಾತು. ಈ ವಿದ್ಯೆ ನಿಮಗೆ ಆಗ್ಲೇ ಗೊತ್ತಿದೆ, ದಿನಾ ಮನೇಲಿ ಮಾಡ್ತಾನೇ ಇದೀರ. "ಶಾಂತಕ್ಕನ ಮಗಳಿಗೆ ಕೆಲಸ ಸಿಕ್ತಂತೆ" ಅಂತೀವಿ. ಆ ‘ಅಂತೆ’ ಏನು ಹೇಳುತ್ತೆ? ಇದು ನಾನು ಕಣ್ಣಾರೆ ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಅಂತ. "ಅಜ್ಜಿ, ‘ನೀನು ಬರೋವರೆಗೂ ಊಟ ಮಾಡಲ್ಲ’ ಅಂದ್ರು" ಅಂದ್ರೆ ಅದು ಅಜ್ಜಿಯ ಬಾಯಿಂದ ಬಂದ ಮಾತೇ. ಮೊದಲನೇದು ಪ್ಯಾರಾಫ್ರೇಸು, ಅಂದ್ರೆ ಬೇರೆಯವರು ಹೇಳಿದ್ದನ್ನ ನಮ್ಮ ಮಾತಲ್ಲಿ ಹೇಳೋದು, ಎರಡನೇದು ಉದ್ಧರಣೆ, ಅಂದ್ರೆ ಅವರ ಮಾತನ್ನ ಇದ್ದ ಹಾಗೇ ಕೊಡೋದು. ಮಾತಾಡುವಾಗ ಈ ‘ಅಂತೆ’ಯನ್ನ ಯಾರೂ ಬಿಡಲ್ಲ, ಬಿಟ್ರೆ ಎದುರಿಗಿದ್ದವರು "ನೀನೇ ನೋಡಿದ್ಯಾ?" ಅಂತ ಕೇಳೇ ಕೇಳ್ತಾರೆ. ಬರೆಯೋಕೆ ಕೂತಾಗ ಮಾತ್ರ ಏನಾಗುತ್ತೋ, ಗ್ರಾಂಥಿಕ ಭಾಷೆ ಬಂದ ಕೂಡ್ಲೇ ‘ಅಂತೆ’ ಉದುರಿಹೋಗಿ ಎಲ್ಲವೂ ‘ಆಗಿದೆ’, ‘ಕಂಡುಬರುತ್ತದೆ’ ಆಗ್ಬಿಡುತ್ತೆ. ಇಲ್ಲಾಂದ್ರೆ ‘ಎನ್ನಲಾಗಿದೆ’, ‘ವಿದ್ವಾಂಸರು ಅಭಿಪ್ರಾಯಪಡುತ್ತಾರೆ’. ಯಾರು ಅಂದಿದ್ದು, ಯಾವ ವಿದ್ವಾಂಸರು, ಎಲ್ಲಿ? ‘ಎನ್ನಲಾಗಿದೆ’ ಅನ್ನೋ ಕ್ರಿಯಾಪದ ಹೇಳಿದವರನ್ನ ಪೂರ್ತಿ ಮರೆ ಮಾಡುತ್ತೆ, ನಮ್ಮ ಪ್ರಬಂಧಗಳಿಗೆ ಇದರಿಂದ ಆಗಿರೋ ಹಾನಿ ಸಣ್ಣದಲ್ಲ.

ಈಗ ಹತ್ತಿರದಿಂದ ನೋಡೋಣ. ಆ ಹುಡುಗಿ ಬಳಸಿದ ಪುಸ್ತಕ ಇಲ್ಲಿ ಬೇಡ, ಉದಾಹರಣೆಗೆ ಅಂತ ಅದೇ ವಿಷಯದ ಮೇಲೆ ನಾನೇ ಮೂರು ವಾಕ್ಯ ಬರೆದಿದೀನಿ, ಇದನ್ನ ಯಾವುದೋ ಪುಸ್ತಕದಲ್ಲಿ ಸಿಕ್ಕಿದ ಮೂಲ ಅಂತ ಇಟ್ಕೊಳ್ಳಿ:

"ಹಳೆಯ ಮೈಸೂರು ಸೀಮೆಯ ಕೆರೆಗಳು ಒಂದೊಂದೇ ನಿಂತವಲ್ಲ, ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರುವಂತೆ ಅವುಗಳನ್ನು ಸರಪಳಿಯಾಗಿ ಕಟ್ಟಿದ್ದರು. ತೂಬಿನಿಂದ ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕೆಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ನೀರುಗಂಟಿಯ ಕೆಲಸ ನಿಂತ ಊರುಗಳಲ್ಲಿ ಕೆರೆ ಹೂಳು ತುಂಬುವ ಮೊದಲೇ ಸತ್ತಿತು."

ನಿಘಂಟು ಇಟ್ಕೊಂಡು ಬದಲಾಯಿಸಿದ್ರೆ ಮೊದಲನೇ ವಾಕ್ಯ ಹೀಗಾಗುತ್ತೆ: "ಪ್ರಾಚೀನ ಮೈಸೂರು ಪ್ರಾಂತ್ಯದ ಜಲಾಶಯಗಳು ಪ್ರತ್ಯೇಕವಾಗಿರುವಂಥವಲ್ಲ, ಮೇಲ್ಭಾಗದ ಜಲಾಶಯ ಭರ್ತಿಯಾಗಿ ಹೆಚ್ಚುವರಿ ನೀರು ಹರಿದರೆ ಆ ಜಲವು ಕೆಳಭಾಗದ ಜಲಾಶಯಕ್ಕೆ ತಲುಪುವಂತೆ ಅವುಗಳನ್ನು ಸರಣಿಯಾಗಿ ನಿರ್ಮಿಸಿದ್ದರು."

ಎರಡನ್ನೂ ಗಟ್ಟಿಯಾಗಿ ಓದಿ ನೋಡಿ. ವಾಕ್ಯದ ಓಟ ಅದೇ, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿದೆ. ಗೋಡೆ ಹಾಗೇ ಇದೆ, ಬಣ್ಣ ಬೇರೆ ಹೊಡೆದಿದೀವಿ ಅಷ್ಟೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ ಅರ್ಥಾನೂ ಹಾಳಾಯ್ತು. ‘ಹಳೆಯ ಮೈಸೂರು’ ಅನ್ನೋದು ಒಂದು ಪ್ರದೇಶದ ಹೆಸರು, ಅದನ್ನ ‘ಪ್ರಾಚೀನ’ ಮಾಡಿದ್ರೆ ಸಾವಿರ ವರ್ಷ ಹಿಂದಿನ ಮಾತು ಅನ್ಸುತ್ತೆ. ಜಲಾಶಯ ಅಂದ ತಕ್ಷಣ ಕೆಆರ್‌ಎಸ್, ಲಿಂಗನಮಕ್ಕಿ ಕಣ್ಮುಂದೆ ಬರುತ್ತೆ, ಊರ ಮುಂದಿನ ಕೆರೆ ಬರಲ್ಲ. ಕೋಡಿ ಅಂದ್ರೆ ತುಂಬಿದ ಕೆರೆ ನೀರು ಹೊರಗೆ ಹೋಗೋಕೆ ಅಂತಾನೇ ಮಾಡಿಟ್ಟ ಜಾಗ, ‘ಹೆಚ್ಚುವರಿ ನೀರು’ ಅನ್ನೋದ್ರಲ್ಲಿ ಆ ಜಾಗಾನೇ ಮಾಯ. ಆ ಹುಡುಗಿಯ ಅಧ್ಯಾಯದಲ್ಲೂ ಹೀಗೇ ಆಗಿತ್ತು. ಹಳ್ಳಿಲಿ ಹುಟ್ಟಿ ಬೆಳೆದ ಹುಡುಗಿ, ಕೋಡಿ ಅನ್ನೋ ಪದ ಹುಟ್ಟಿದಾಗಿಂದ ಕೇಳಿದವಳು, ಕದ್ದ ಹಾಗೆ ಕಾಣಬಾರದು ಅಂತ ತನ್ನ ಮನೆ ಮಾತನ್ನೇ ಹೊಡೆದು ಹಾಕಿದ್ದು ನೋಡಿ ನನಗೆ ನಿಜವಾಗ್ಲೂ ಸಂಕಟ ಆಯ್ತು.

ಕೆರೆ, ಕೋಡಿ, ತೂಬು, ನೀರುಗಂಟಿ, ಇವು ಯಾವ ಲೇಖಕರ ಆಸ್ತೀನೂ ಅಲ್ಲ, ಆ ವಿಷಯದ ಪದಗಳು. ಬದಲಾಯಿಸೋ ಅಗತ್ಯ ಇಲ್ಲ, ಬದಲಾಯಿಸಲೂ ಬಾರದು. ಲೇಖಕರದ್ದು ಅಂತ ಇರೋದು ಎರಡು: ಅವರು ವಾಕ್ಯ ಕಟ್ಟಿದ ರೀತಿ, ಮತ್ತೆ ಆ ವಾಕ್ಯದ ಹಿಂದಿರೋ ವಿಚಾರ. ವಾಕ್ಯ ಬೇಕಂದ್ರೆ ಉದ್ಧರಣ ಚಿಹ್ನೆ ಹಾಕಿ ಹೆಸರು ಹೇಳಬೇಕು. ವಿಚಾರ ಮಾತ್ರ ಬೇಕಂದ್ರೆ ವಾಕ್ಯವನ್ನ ಪೂರ್ತಿ ಬಿಟ್ಟು ನಿಮ್ಮದೇ ಕಟ್ಟಿ ಆಗ್ಲೂ ಹೆಸರು ಹೇಳಬೇಕು. ಹೆಸರು ಹೇಳೋದು ಎರಡು ಕಡೆನೂ ಇದೆ ಅನ್ನೋದನ್ನ ಗಮನಿಸಿ, ಸಿಕ್ಕಾಪಟ್ಟೆ ಜನ ಎಡವೋದು ಇಲ್ಲೇ, ‘ನನ್ನ ಮಾತಲ್ಲಿ ಬರೆದೆನಲ್ಲ, ಮತ್ಯಾಕೆ ಹೆಸರು’ ಅಂತ.

ಈ ತಲೆನೋವು ಇವತ್ತಿನದ್ದೂ ಅಲ್ಲ. ಸುಮಾರು ಸಾವಿರದ ನೂರು ವರ್ಷದ ಹಿಂದೆ ಸಂಸ್ಕೃತ ಕವಿ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಗಳು ಬೇರೆಯವರಿಂದ ತಗೊಳ್ಳೋದನ್ನ ಶಬ್ದಹರಣ, ಅರ್ಥಹರಣ ಅಂತ ವಿಂಗಡಿಸಿ ಅಧ್ಯಾಯಗಟ್ಟಲೆ ಬರೆದಿದಾನೆ. ಅರ್ಥವೆಲ್ಲ ಅದೇ ಇದ್ದು ವಾಕ್ಯ ಮಾತ್ರ ಬೇರೆ ಥರ ಜೋಡಿಸಿದ್ರೆ ಅದಕ್ಕೆ ಅವನು ಕೊಡೋ ಹೆಸರು ಪ್ರತಿಬಿಂಬಕಲ್ಪ, ಕನ್ನಡಿಲಿ ಕಂಡ ಹಾಗೆ. ಅದನ್ನ ಕವಿ ಬಿಡಬೇಕು ಅಂತಾನೆ. ನಿಘಂಟಿನ ಪ್ಯಾರಾಫ್ರೇಸಿಗೆ ಇದಕ್ಕಿಂತ ಸರಿಯಾದ ಹೆಸರು ನಾನು ಕಂಡಿಲ್ಲ.

ಹಾಗಾದ್ರೆ ಸರಿಯಾಗಿ ಮಾಡೋದು ಹೇಗೆ? ಪುಸ್ತಕ ಮುಚ್ಚಿ. ಅರ್ಥ ಆಗೋವರೆಗೆ ಓದಿ, ಮುಚ್ಚಿಟ್ಟು, ಅಮ್ಮನಿಗೋ ರೂಮ್‌ಮೇಟಿಗೋ ಹೇಳೋ ಹಾಗೆ ಬಾಯಲ್ಲಿ ಹೇಳಿ. ಬಾಯಲ್ಲಿ ಬಂದದ್ದನ್ನ ಬರೆದುಕೊಳ್ಳಿ, ಆಮೇಲೆ ಪುಸ್ತಕ ತೆಗೆದು ತಾಳೆ ನೋಡಿ. ಹೇಳೋಕೆ ಬರ್ತಿಲ್ಲ ಅಂದ್ರೆ ನಿಮಗೆ ಅದಿನ್ನೂ ಅರ್ಥ ಆಗಿಲ್ಲ, ಇನ್ನೊಂದು ಸಲ ಓದಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಕಣ್ಣ ಮುಂದೆ ಮೂಲ ಇಟ್ಕೊಂಡು ಪ್ಯಾರಾಫ್ರೇಸ್ ಮಾಡೋಕೆ ಹೋದ್ರೆ ಎಂಥವರಿಗೂ ಪ್ರತಿಬಿಂಬಾನೇ ಬರೋದು.

ಹಾಗೆ ಮಾಡಿ ಒಬ್ಬ ವಿದ್ಯಾರ್ಥಿ ಬರೆದ ಅಂದ್ಕೊಳ್ಳಿ: "ಒಂದು ಕೆರೆಯನ್ನಷ್ಟೇ ದುರಸ್ತಿ ಮಾಡುವ ಯೋಜನೆಗಳು ಹಳೇ ಮೈಸೂರಿನಲ್ಲಿ ಸೋಲುತ್ತವೆ, ಏಕೆಂದರೆ ಅಲ್ಲಿ ಒಂದರ ಕೋಡಿಯೇ ಇನ್ನೊಂದರ ನೀರಿನ ಮೂಲ ಎಂದು ಲೇಖಕರು ಹೇಳುತ್ತಾರೆ." ಚೆನ್ನಾಗಿದೆ, ಮೂಲದ ವಾಕ್ಯದ ನೆರಳೂ ಇಲ್ಲ. ಆದ್ರೆ ಒಂದು ತಪ್ಪಿದೆ. ದುರಸ್ತಿ ಯೋಜನೆ ಸೋಲುತ್ತೆ ಅಂತ ಲೇಖಕರು ಎಲ್ಲೂ ಹೇಳಿಲ್ಲ, ಅದು ವಿದ್ಯಾರ್ಥಿಯ ಯೋಚನೆ. ಬೇರೆಯವರ ಮಾತು ನಮ್ಮದು ಅನ್ನೋದು ಎಷ್ಟು ತಪ್ಪೋ, ಹೇಳದೇ ಇರೋದನ್ನ ಅವರ ಬಾಯಿಗೆ ತುರುಕೋದೂ ಅಷ್ಟೇ ತಪ್ಪು. ಸರಿ ಮಾಡೋದು ಸುಲಭ: "ಹಳೇ ಮೈಸೂರಿನಲ್ಲಿ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ನೀರು ತರುತ್ತಿತ್ತು ಎಂದು ಲೇಖಕರು ವಿವರಿಸುತ್ತಾರೆ. ಇದನ್ನು ಒಪ್ಪಿದರೆ, ಒಂದೇ ಕೆರೆಯನ್ನು ದುರಸ್ತಿ ಮಾಡುವ ಯೋಜನೆಗಳು ಏಕೆ ಸೋಲಬಹುದೆಂದು ಊಹಿಸಬಹುದು." ಮೊದಲನೇ ವಾಕ್ಯದ ಕೊನೆಗೆ ಲೇಖಕರ ಹೆಸರು, ವರ್ಷ, ಪುಟ. ಎರಡನೇದಕ್ಕೆ ಏನೂ ಬೇಡ, ಅದು ನಿಮ್ಮದು. ಓದೋರಿಗೆ ಎಲ್ಲಿ ಅವರ ಮಾತು ಮುಗೀತು, ಎಲ್ಲಿ ನಿಮ್ಮದು ಶುರುವಾಯ್ತು ಅಂತ ಹೊಲದ ಬದು ಕಂಡ ಹಾಗೆ ಕಾಣಬೇಕು. ಪ್ಯಾರಾ ತುಂಬಾ ಬೇರೆಯವರ ವಿಚಾರ ಬರೆದು ಕೊನೇಲಿ ಒಂದೇ ಒಂದು ಅಡಿಟಿಪ್ಪಣಿ ಹಾಕಿದ್ರೆ ಆ ಬದು ಕಾಣಲ್ಲ.

ಉದ್ಧರಣೆ ಯಾವಾಗ? ಮೂಲದ ಮಾತು ಹೇಗಿದೆಯೋ ಹಾಗೇ ಇದ್ರೇನೇ ಅದಕ್ಕೆ ಬೆಲೆ ಅಂದಾಗ. ನನ್ನ ಉದಾಹರಣೆಲಿ ಮೂರನೇ ವಾಕ್ಯ ನೋಡಿ, "ಕೆರೆ ಹೂಳು ತುಂಬುವ ಮೊದಲೇ ಸತ್ತಿತು" ಅನ್ನೋ ಮಾತಿನ ಬಿಗಿ ಪ್ಯಾರಾಫ್ರೇಸಿನಲ್ಲಿ ಬರಲ್ಲ. ಕಾನೂನಿನ ಕಲಮು, ಶಾಸನದ ಪಾಠ, ವಚನ, ನೀವು ಖಂಡಿಸೋಕೆ ಹೊರಟಿರೋ ವಾದ, ಇವನ್ನೆಲ್ಲ ಇದ್ದ ಹಾಗೇ ಕೊಡಬೇಕು. ಅದರಾಚೆಗೆ ಉದ್ಧರಣೆ ಕಮ್ಮಿ ಇದ್ದಷ್ಟೂ ಒಳ್ಳೇದು.

ಉದ್ಧರಣೆ ಕೊಡೋ ಕ್ರಮಾನೂ ನಮ್ಮ ಕನ್ನಡ ಪರೀಕ್ಷೆಲೇ ಇತ್ತು ಅಂದ್ರೆ ನಂಬ್ತೀರಾ? ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಪ್ರಶ್ನೆ ನೆನಪಿದೆ ತಾನೆ. ಆಯ್ಕೆ, ಸಂದರ್ಭ, ಸ್ವಾರಸ್ಯ. ಈ ಮಾತು ಎಲ್ಲಿಂದ ಬಂತು, ಯಾರು ಯಾವಾಗ ಹೇಳಿದ್ದು, ಅದರಲ್ಲಿ ವಿಶೇಷ ಏನು. ಡಿಸರ್ಟೇಶನ್ನಿನಲ್ಲಿ ಹಾಕೋ ಪ್ರತಿ ಉದ್ಧರಣೆಗೂ ಈ ಮೂರೂ ಬೇಕು. ನಾನು ನೋಡೋ ಡ್ರಾಫ್ಟುಗಳಲ್ಲಿ ಆಯ್ಕೆ ಇದ್ರೆ ಸಂದರ್ಭ ಇರಲ್ಲ, ಸ್ವಾರಸ್ಯ ಅಂತೂ ಇರೋದೇ ಇಲ್ಲ, ಅರ್ಧ ಪುಟದ ಉದ್ಧರಣೆ ಎತ್ತಿ ಇಟ್ಟು ಸೀದಾ ಮುಂದಿನ ವಿಷಯಕ್ಕೆ ಹೋಗ್ತಾರೆ. ಆ ಮಾತಿಂದ ನಿಮ್ಮ ವಾದಕ್ಕೆ ಏನು ಸಿಕ್ತು ಅಂತ ಎರಡು ವಾಕ್ಯ ಬರೆಯೋಕೆ ಆಗಲ್ಲ ಅಂದ್ರೆ ಆ ಉದ್ಧರಣೆ ಅಲ್ಲಿ ಬೇಡ.

ಚಿಹ್ನೆಗಳ ಒಳಗಿನ ಮಾತನ್ನ ಮುಟ್ಟೋ ಹಾಗಿಲ್ಲ. ಹಳೇ ಮುದ್ರಣದಲ್ಲಿ ಹಳಗನ್ನಡದ ಱ, ೞ ಅಕ್ಷರ ಇದ್ರೆ ಅದೇ ಇರಲಿ. ನಡುವೆ ಬಿಟ್ರೆ ಮೂರು ಚುಕ್ಕೆ, ನೀವು ಸೇರಿಸಿದ್ರೆ ಚೌಕ ಆವರಣ. ಚುಕ್ಕೆ ಹಾಕೋವಾಗ ಎಚ್ಚರ, ‘ನೀರುಗಂಟಿಯ ಕೆಲಸ ನಿಂತ ಊರುಗಳಲ್ಲಿ’ ಅನ್ನೋದನ್ನ ಚುಕ್ಕೆ ಹಾಕಿ ಹಾರಿಸಿದ್ರೆ ಎಲ್ಲಾ ಕೆರೆಗಳೂ ಸತ್ತವು ಅಂತ ಲೇಖಕರು ಹೇಳಿದ ಹಾಗಾಗುತ್ತೆ. ಆಕರ ಬರೆಯೋಕೆ ತುಂಬಾ ಕಡೆ ಬಳಸೋ ಎಪಿಎ ಅನ್ನೋ ಪದ್ಧತೀಲಿ 40 ಪದ ಅಥವಾ ಜಾಸ್ತಿ ಇದ್ರೆ ಉದ್ಧರಣೆಯನ್ನ ಬೇರೆ ಪ್ಯಾರಾ ಮಾಡಿ ಒಳಕ್ಕೆ ತಳ್ಳಿ ಬರೀಬೇಕು, ಆಗ ಚಿಹ್ನೆ ಬೇಡ. ಕನ್ನಡದಲ್ಲಿ 40 ಪದ ಅಂದ್ರೆ ತುಂಬಾ ಉದ್ದ ಆಗುತ್ತೆ, ನಿಮ್ಮ ಗೈಡ್ ಹತ್ರ ಕೇಳ್ಕೊಂಡು ಒಂದು ಅಳತೆ ಇಟ್ಕೊಳ್ಳಿ.

ಕನ್ನಡ ಮೀಡಿಯಮ್ಮಿನ ಹುಡುಗರು ಹೆಚ್ಚು ಸಿಕ್ಕಿಹಾಕ್ಕೊಳ್ಳೋದು ಅನುವಾದದಲ್ಲಿ. ಇಂಗ್ಲಿಷ್ ಪುಸ್ತಕದ ನಾಲ್ಕು ಪುಟ ಕನ್ನಡಕ್ಕೆ ತರ್ತಾರೆ, ಕಷ್ಟಪಟ್ಟಿರ್ತಾರೆ, ಭಾಷೆಯೇ ಬದಲಾಯ್ತಲ್ಲ ಇನ್ನು ಇದು ನಂದೇ ಅನ್ಸುತ್ತೆ. ಅಲ್ಲ. ವಾಕ್ಯಕ್ಕೆ ವಾಕ್ಯ ಅನುವಾದ ಮಾಡಿದ್ರೆ ಅದು ಉದ್ಧರಣೇನೇ, ಚಿಹ್ನೆ ಹಾಕಿ ಹೆಸರು ಕೊಟ್ಟು ‘ಅನುವಾದ ನನ್ನದು’ ಅಂತ ಬರೆದ್ರೆ ಆಯ್ತು, ನಿಮ್ಮ ಕಷ್ಟಕ್ಕೂ ಲೆಕ್ಕ ಸಿಗುತ್ತೆ. ಕಂಪ್ಯೂಟರ್ ಹತ್ರ ಪ್ಯಾರಾಫ್ರೇಸ್ ಮಾಡಿಸೋದಂತೂ ಬೇಡವೇ ಬೇಡ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತೆ ಅವರ ಜೊತೆಗಾರರು ವಿಜ್ಞಾನದ ಪೇಪರುಗಳಲ್ಲಿ ಇಂಥ ಪ್ಯಾರಾಫ್ರೇಸಿಂದ ಬಂದಿರಬಹುದಾದ ವಿಚಿತ್ರ ಪದಗಳನ್ನ ಹುಡುಕಿ ತೆಗೆದ್ರು, ಬ್ರೆಸ್ಟ್ ಕ್ಯಾನ್ಸರ್ ಹೋಗಿ ‘ಬೂಸಮ್ ಪೆರಿಲ್’ (ಎದೆಯ ಅಪಾಯ) ಆಗಿತ್ತು, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಹೋಗಿ ‘ಕೌಂಟರ್‌ಫೀಟ್ ಕಾನ್ಶಸ್‌ನೆಸ್’ ಆಗಿತ್ತು. ಕೋಡಿ ‘ಹೆಚ್ಚುವರಿ ನೀರು’ ಆದ ಹಾಗೇ.

ಇನ್ನು ಹೋಲಿಕೆ ಹುಡುಕೋ ಸಾಫ್ಟ್‌ವೇರ್ ಕೊಡೋ ಪರ್ಸೆಂಟೇಜ್ ವಿಷಯ, ಎಲ್ಲರೂ ಮೊದಲು ಕೇಳೋದು ಅದನ್ನೇ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಪ್ರಕಾರ ಡಿಸರ್ಟೇಶನ್, ಥೀಸಿಸ್‌ಗಳಲ್ಲಿ ಸಾಮ್ಯತೆ 10%ವರೆಗೆ ಇದ್ರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಇದ್ರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಗರಿಷ್ಠ 6 ತಿಂಗಳು. 40 ದಾಟಿ 60ರವರೆಗೆ ಅಂದ್ರೆ ಒಂದು ವರ್ಷ ತಿದ್ದಿದ ಪ್ರತೀನೂ ಕೊಡೋ ಹಾಗಿಲ್ಲ. 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ಸರಿಯಾಗಿ ಆಕರ ಹೇಳಿದ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನು, ಸೂತ್ರಗಳು ಇವೆಲ್ಲ ಈ ಲೆಕ್ಕಕ್ಕೆ ಬರಲ್ಲ.

ಇದನ್ನ ಓದಿ 10% ಕದಿಯೋಕೆ ಪರ್ಮಿಶನ್ ಇದೆ ಅಂದ್ಕೊಂಡವರನ್ನ ನಾನು ನೋಡಿದೀನಿ. ಸಾಫ್ಟ್‌ವೇರ್ ಅಳೆಯೋದು ಅಕ್ಷರಗಳ ಹೋಲಿಕೆ ಮಾತ್ರ, ಅದಕ್ಕೆ ಕಳ್ಳತನ ಗೊತ್ತಾಗಲ್ಲ. 3% ಬಂದಿರೋ ಪ್ರಬಂಧದ ಮುಖ್ಯ ವಾದವೇ ಬೇರೆಯವರದ್ದಾಗಿರಬಹುದು. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ, ಹಳೇ ಕಡತಗಳು ಎಷ್ಟೋ ಯೂನಿಕೋಡ್ ಅಲ್ಲ, ಹಳೇ ನುಡಿ, ಬರಹ ಫಾಂಟುಗಳಲ್ಲಿವೆ, ಎಷ್ಟೋ ಪುಸ್ತಕಗಳಂತೂ ಸ್ಕ್ಯಾನ್ ಕೂಡ ಆಗಿಲ್ಲ, ಅಂಥವನ್ನ, ಹೋಲಿಸೋಕೆ ಸಾಫ್ಟ್‌ವೇರ್ ಹತ್ರ ಮೂಲಾನೇ ಇಲ್ಲ. ಸಿಕ್ಕಿಬೀಳಲ್ಲ ಅಂತ ಬರೆದ ಪಿಎಚ್‌ಡಿ ಶೋಧಗಂಗಾಕ್ಕೆ (ನಮ್ಮ ದೇಶದ ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ) ಹೋಗಿ ಕೂತ ಮೇಲೆ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ತೆಗೆದು ಓದಬಹುದು, ಆ ಮೂಲ ಪುಸ್ತಕ ಓದಿದವರ ಕಣ್ಣಿಗೆ ಬಿದ್ರೆ ಸಾಕು. ಅದೇ ನಿಯಮದಲ್ಲಿ ಸತತ 14 ಪದಗಳವರೆಗಿನ ಸಾಮಾನ್ಯ ಅಥವಾ ಆಕಸ್ಮಿಕ ಹೋಲಿಕೆಗೆ ವಿನಾಯ್ತಿ ಇದೆ. ನಮ್ಮಲ್ಲಿ ‘ನೋಡಿಕೊಳ್ಳಬೇಕೆಂಬುದನ್ನು’ ಅನ್ನೋದು ಒಂದೇ ಪದ, ಮೇಲಿನ ಉದಾಹರಣೆಯ ಕೊನೇ ವಾಕ್ಯ ಪೂರ್ತಿ ಎಣಿಸಿದ್ರೂ 9 ಪದ ಅಷ್ಟೆ. ಲೇಖಕರ ಇಡೀ ಹೊಳಹು ಆ 9 ಪದದಲ್ಲಿದೆ. ಹಾಗಾಗಿ ಎಣಿಕೆ ನಂಬ್ಕೊಂಡು ಕೂರಬೇಡಿ.

ಕಾಪಿರೈಟೇ ಬೇರೆ, ಇದೇ ಬೇರೆ ಅನ್ನೋದೂ ಗೊತ್ತಿರಲಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತೆ, ಬಸವಣ್ಣನವರ ವಚನ ಅಚ್ಚು ಹಾಕೋಕೆ ಯಾರ ಅನುಮತಿಯೂ ಬೇಡ, ಹಾಗಂತ ಅದನ್ನ ನಮ್ಮ ಹೆಸರಲ್ಲಿ ಬರ್ಕೊಳ್ಳೋಕಾಗುತ್ತಾ? ವಿಕಿಪೀಡಿಯಾನೂ ಹಾಗೇ, ಬಳಸೋಕೆ ಎಲ್ಲರಿಗೂ ಬಿಟ್ಟಿದಾರೆ, ಮೂಲ ಹೇಳಬೇಕು ಅನ್ನೋ ಷರತ್ತಿನ ಮೇಲೆ. ಇನ್ನು 1956ರ ನವೆಂಬರ್ 1ಕ್ಕೆ ಏಕೀಕರಣ ಆಯ್ತು, 1973ರಲ್ಲಿ ಕರ್ನಾಟಕ ಅಂತ ಹೆಸರು ಬಂತು, ಇಂಥ ಎಲ್ಲರಿಗೂ ಗೊತ್ತಿರೋದಕ್ಕೆ ಆಕರ ಬೇಡ. ಹೆಸರು ಬರೋಕೆ ಅಷ್ಟು ವರ್ಷ ಯಾಕೆ ಹಿಡೀತು ಅಂತ ಯಾರೋ ಕೊಟ್ಟ ವಿವರಣೆ ಬಳಸಿದ್ರೆ ಬೇಕು.

ನಮ್ಮಲ್ಲಿ ಪುಸ್ತಕಗಳ ಪಟ್ಟಿಗೆ ‘ಗ್ರಂಥಋಣ’ ಅಂತಾರಲ್ಲ, ಆ ಪದ ನನಗೆ ತುಂಬಾ ಇಷ್ಟ. ಆದ್ರೆ ಕೊನೇಲಿ ನಲವತ್ತು ಪುಸ್ತಕದ ಗ್ರಂಥಋಣ ಕೊಟ್ಟು ಒಳಗೆ ಒಂದು ಕಡೆನೂ ಆಕರ ಹೇಳದೇ ಇದ್ರೆ, ಊರಲ್ಲೆಲ್ಲ ಸಾಲ ಇದೆ ಅಂತ ಒಪ್ಕೊಂಡು ಯಾವ ಅಂಗಡೀಲಿ ಎಷ್ಟು ಅಂತ ಹೇಳದ ಹಾಗೆ. ಪುಟದ ಒಳಗೆ ಕೊಡೋ ಆಕರ ಅಂದ್ರೆ ಉದ್ರಿ ಪುಸ್ತಕದ ಲೆಕ್ಕ, ಈ ವಾಕ್ಯಕ್ಕೆ ಇಂಥವರಿಗೆ ಇಷ್ಟು. ಸಾಲ ಯಾರ ಕೈಯಿಂದ ಇಸ್ಕೊಂಡ್ರೋ ಅವರ ಹೆಸರನ್ನೇ ಬರೀಬೇಕು ಮತ್ತೆ. ಶಾಸನಗಳನ್ನ ಅಚ್ಚು ಹಾಕಿರೋ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟ ಕಣ್ಣಲ್ಲೂ ನೋಡದೆ ಬೇರೆ ಯಾರದೋ ಪುಸ್ತಕದಲ್ಲಿ ಶಾಸನದ ಸಾಲು ಓದಿ ಸಂಪುಟದ ನಂಬರ್ ಹಾಕೋದು ಇದೆಯಲ್ಲ, ಅದು ಬೇಡ, ‘ಇಂಥವರ ಪುಸ್ತಕದಲ್ಲಿ ಉದ್ಧೃತ’ ಅಂತ ಬರೆದ್ರೆ ಏನೂ ಕಮ್ಮಿ ಆಗಲ್ಲ, ಆ ಪುಸ್ತಕದಲ್ಲಿ ಮುದ್ರಣ ದೋಷ ಇದ್ರೆ ಅದು ನಿಮ್ಮ ತಲೆಗೂ ಬರಲ್ಲ.

ಇದೆಲ್ಲ ಹಾಳಾಗೋದು ಬರೆಯುವಾಗ ಅಲ್ಲ, ನೋಟ್ಸ್ ಮಾಡ್ಕೊಳ್ಳುವಾಗ. ಆರು ತಿಂಗಳ ಹಿಂದಿನ ನೋಟ್‌ಬುಕ್ಕಲ್ಲಿ ಒಂದು ಚೆಂದದ ವಾಕ್ಯ ಕಾಣುತ್ತೆ, ನಾನು ಬರೆದಿದ್ದಾ, ಎಲ್ಲಿಂದಾದ್ರೂ ಇಳಿಸ್ಕೊಂಡಿದ್ದಾ ನೆನಪಿರಲ್ಲ. ನಾನು ಹುಡುಗರಿಗೆ ಹೇಳೋದು, ಪ್ರತಿ ನೋಟಿನ ಪಕ್ಕ ಒಂದಕ್ಷರ ಬರೀರಿ: ಇದ್ದ ಹಾಗೇ ಇಳಿಸಿದ್ರೆ ‘ಉ’, ಸಾರ ಬರೆದಿದ್ರೆ ‘ಸಾ’, ನಿಮ್ಮ ಯೋಚನೆ ಆದ್ರೆ ‘ನ’. ಜೊತೆಗೆ ಪುಟದ ನಂಬರ್. ಲೈಬ್ರರೀಲಿ ಮೊಬೈಲಲ್ಲಿ ಫೋಟೋ ಹೊಡ್ಕೊಳ್ತೀರ ತಾನೆ, ಮೊದಲು ಮುಖಪುಟ, ಅದರ ಹಿಂದೆ ಪ್ರಕಾಶಕರು-ವರ್ಷ ಇರೋ ಪುಟ, ಆಮೇಲೆ ಬೇಕಾದ ಪುಟ, ಪುಟಸಂಖ್ಯೆ ಕಟ್ ಆಗದ ಹಾಗೆ.

ಸಬ್ಮಿಶನ್ನಿಗೆ ಒಂದೇ ವಾರ ಇದೆ, ಡ್ರಾಫ್ಟ್ ಆಗ್ಲೇ ಹಾಗಾಗಿದೆ ಅನ್ನೋರು ಗಾಬರಿ ಬೀಳಬೇಡಿ, ಎರಡು ಬಣ್ಣದ ಹೈಲೈಟರ್ ತಗೊಂಡು ಕೂತು ಪ್ರತಿ ವಾಕ್ಯಕ್ಕೂ ‘ಇದು ಯಾರ ಮಾತು?’ ಅಂತ ಕೇಳಿ. ನನ್ನದು ಅಂದ್ರೆ ಒಂದು ಬಣ್ಣ, ಅವರದ್ದು ಅಂದ್ರೆ ಇನ್ನೊಂದು. ಬಣ್ಣ ಹಚ್ಚೋಕಾಗದೆ ಉಳಿದ ವಾಕ್ಯಗಳ ಮೂಲ ಹುಡುಕಿ, ಸಿಗಲಿಲ್ಲ ಅಂದ್ರೆ ತೆಗೆದುಬಿಡಿ.

ಆ ಹುಡುಗಿಗೂ ಇದನ್ನೇ ಹೇಳಿದ್ದೆ. ಅವಳು ಬಣ್ಣ ಹಚ್ಚಿದಾಗ ಹದಿನೆಂಟು ಪುಟದ ಅಧ್ಯಾಯದಲ್ಲಿ ‘ನನ್ನದು’ ಅನ್ನೋ ಬಣ್ಣ ಬಿದ್ದಿದ್ದು ಎರಡೇ ಕಡೆ. "ನಿನಗೆ ಏನು ಅನ್ಸುತ್ತಮ್ಮ ಈ ಕೆರೆಗಳ ಬಗ್ಗೆ?" ಅಂದೆ, ಆಗ ಮೆಲ್ಲಗೆ ಹೇಳಿದ್ಲು, "ಮೇಡಂ, ನಮ್ಮ ತಾತ ನೀರುಗಂಟಿ ಆಗಿದ್ರಂತೆ." ಅಂತೆ! ಅಷ್ಟು ಪುಟ ಬರೆದಿದ್ಲು, ತಾತನ ಸುದ್ದಿ ಎಲ್ಲೂ ಇರಲಿಲ್ಲ, ಅದನ್ನೆಲ್ಲ ಬರೀಬಾರದು ಅಂದ್ಕೊಂಡಿದ್ಲು. ಮೂರು ವಾರ ಬಿಟ್ಟು ಬಂದಾಗ ಅಧ್ಯಾಯ ಹನ್ನೊಂದು ಪುಟಕ್ಕೆ ಇಳಿದಿತ್ತು. ಕೋಡಿ ಮತ್ತೆ ಕೋಡಿಯಾಗೇ ಇತ್ತು, ಪುಸ್ತಕದ ಲೇಖಕರ ಹೆಸರು ಐದು ಕಡೆ ಬಂದಿತ್ತು, ಒಂದು ಕಡೆ ಅವರ ಮಾತು ತಮ್ಮೂರಿಗೆ ಯಾಕೆ ಹೊಂದಲ್ಲ ಅಂತ ವಾದಾನೂ ಮಾಡಿದ್ಲು. ಒಂಬತ್ತನೇ ಪುಟದ ಅಡಿಟಿಪ್ಪಣಿಲಿ ವಕ್ತೃ (ಮಾಹಿತಿ ಹೇಳಿದವರು) ಅಂತ ಹಾಕಿ ತಾತನ ತಮ್ಮನ ಹೆಸರು, ವಯಸ್ಸು, ಊರು, ಮಾತಾಡಿಸಿದ ತಾರೀಕು ಬರೆದಿದ್ಲು.